ಫ್ಯಾಮಿಲಿ ಕ್ರೂಸಲ್ಲಿ ರಾತ್ರಿ ಹತ್ತರ ಮೇಲೆ ಎಂತ ಉಂಟು, ರೂಮಿಗೆ ಹೋಗಿ ಮಲಗುವುದು ಮಾತ್ರವಾ?

ನಿಮ್ಮ ಪ್ರಶ್ನೆ ಪೂರ್ತಿ ಓದಿದೆ. ನೀವಿಬ್ಬರು, 6 ವರ್ಷದ ಮಗಳು, 14ರ ಮಗ, ಜೊತೆಗೆ ನಿಮ್ಮ ಅತ್ತೆ, ಮುಂಬೈಯಿಂದ ಹೋಗುವುದಾ ಸಿಂಗಾಪುರದಿಂದಾ ಅಂತ ಇನ್ನೂ ಫಿಕ್ಸ್ ಆಗಿಲ್ಲ, ಊಟ ಆದ ಮೇಲೆ ಹಡಗಲ್ಲಿ ಎಂತ ಮಾಡುವುದು, ಚಿಕ್ಕವಳು ನಿದ್ದೆ ಮಾಡಿದ್ರೆ ಉಳಿದವರಿಗೆ ಎಂತಾದ್ರೂ ಉಂಟಾ ಅಂತ ಕೇಳಿದ್ದೀರಿ. ನಾನು ಕಾಪು ಕಡೆಯವ, ಮಣಿಪಾಲದಲ್ಲಿ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಸುಮಾರು ವರ್ಷ ವಿದೇಶಿ ಕ್ರೂಸ್ ಹಡಗುಗಳ ಲೌಂಜಲ್ಲಿ ಸರ್ವಿಸ್ ಮಾಡಿದೆ, ಈಗ ಉಡುಪಿಯಲ್ಲಿ ಕೇಟರಿಂಗ್. ರಾತ್ರಿ ಹತ್ತರಿಂದ ಒಂದೂವರೆ ತನಕ ಫ್ಯಾಮಿಲಿಗಳು ಎಂತ ಮಾಡ್ತಾರೆ ಅಂತ ಕೈಯಲ್ಲಿ ಟ್ರೇ ಹಿಡ್ಕೊಂಡು ದಿನಾ ನೋಡಿದ್ದು, ಆಮೇಲೆ ನಮ್ಮ ಮನೆಯವರನ್ನು ಕರ್ಕೊಂಡು ಗೆಸ್ಟ್ ಆಗಿಯೂ ಹೋಗಿ ಬಂದಾಯ್ತು.

ಬೇಕಾದಷ್ಟು ಉಂಟು ಮಾರಾಯ್ರೆ. ಆದ್ರೆ ಒಂದು ವಿಷಯ ಮೊದಲೇ ಗೊತ್ತಿರ್ಬೇಕು, ಹತ್ತು ಗಂಟೆ ತನಕ ಹಡಗಲ್ಲಿ ಹೆಚ್ಚಿನದ್ದು ಎಲ್ಲರಿಗೂ, ಹತ್ತರ ಮೇಲೆ ತುಂಬ ಕಡೆ ವಯಸ್ಸು ನೋಡಿ ಒಳಗೆ ಬಿಡುವುದು. ದೊಡ್ಡ ಥಿಯೇಟರಿನ ಶೋ ಸಾಮಾನ್ಯವಾಗಿ ಸಂಜೆ ಎರಡು ಸಲ ಇರ್ತದೆ, ಒಂದು ಏಳರ ಆಸುಪಾಸು ಮತ್ತೊಂದು ಒಂಬತ್ತರ ಆಸುಪಾಸು, ಎರಡನೆಯದ್ದು ಮುಗಿದು ಜನ ಹೊರಗೆ ಬಂದ ಕೂಡ್ಲೆ ಒಂದು ಕಡೆ ಕರೋಕೆ, ಒಂದು ಕಡೆ ಕ್ವಿಜ್, ಇನ್ನೊಂದು ಕಡೆ ಲೈವ್ ಬ್ಯಾಂಡ್, ಮೇಲಿನ ಡೆಕ್ಕಲ್ಲಿ ಅಂದ್ರೆ ಮಹಡಿಯಲ್ಲಿ ಡಿಜೆ ಅಂತ ಶುರು ಆಗ್ತದೆ. ಕೆಲವಕ್ಕೆ ಮಕ್ಳು ಬರಬಹುದು, ಕೆಲವಕ್ಕೆ 18ರ ಮೇಲೆ ಮಾತ್ರ. ಕಾರ್ನಿವಲ್ ಅಂತ ಕ್ರೂಸ್ ಕಂಪನಿ ಉಂಟು, ಅವರ ಹಡಗುಗಳಲ್ಲಿ ಕಾಮಿಡಿ ಶೋಗಳನ್ನು ಹೀಗೆಯೇ ಎರಡು ಭಾಗ ಮಾಡಿರ್ತಾರೆ, ಸಂಜೆಯದ್ದು ಮನೆಮಂದಿ ಎಲ್ಲ ಕೂತು ನೋಡುವಂಥದ್ದು, ರಾತ್ರಿಯದ್ದು ದೊಡ್ಡವರಿಗೆ, ಕಾಮಿಡಿಯನ್ ಅವನೇ ಆದ್ರೂ ಮಾತು ಬೇರೆಯೇ. ಮರುದಿನದ ಪ್ರೋಗ್ರಾಮ್ ಹಿಂದಿನ ರಾತ್ರಿಯೇ ರೂಮಿಗೆ ಕಾಗದದಲ್ಲಿ ಬರ್ತದೆ ಅಥವಾ ಆ್ಯಪಲ್ಲಿ ಇರ್ತದೆ, ವಯಸ್ಸಿನ ಗುರ್ತು ಅದರಲ್ಲೇ ಹಾಕಿರ್ತಾರೆ, ಮಲಗುವ ಮೊದಲು ಎರಡು ನಿಮಿಷ ನೋಡಿದ್ರೆ ಬಾಗಿಲ ತನಕ ಹೋಗಿ ವಾಪಸ್ ಬರುವ ಕೆಲಸ ಇಲ್ಲ.

ಈಗ ನಾನು ಮುಖ್ಯವಾಗಿ ಹೇಳ್ಬೇಕು ಅಂತಿರುವುದು ನಿಮ್ಮ ಅತ್ತೆಯವರ ವಿಷಯ. ನೀವು ಪ್ರಶ್ನೆಯಲ್ಲಿ 'ಅತ್ತೆ ಇದ್ದಾರಲ್ಲ, ಮಗಳು ಮಲಗಿದ್ರೆ ಅವರು ನೋಡ್ಕೊಳ್ತಾರೆ' ಅಂತ ಒಂದು ಸಾಲು ಬರೆದಿದ್ದೀರಿ. ನಮ್ಮವರ ಫ್ಯಾಮಿಲಿಗಳಲ್ಲಿ ನಾನು ಸಾಲು ಸಾಲಾಗಿ ನೋಡಿದ್ದು ಇದನ್ನೇ. ಮಗ ಸೊಸೆ ಲೌಂಜಲ್ಲಿ, ಹುಡುಗ ಎಲ್ಲೋ ಮೇಲೆ, ಅಜ್ಜಿ ಮಾತ್ರ ಎಂಟೂವರೆಗೆ ಊಟ ಮುಗಿಸಿ ಕಿಟಕಿ ಇಲ್ಲದ ರೂಮಲ್ಲಿ ಲೈಟ್ ಆರಿಸಿ ಮೊಮ್ಮಗಳ ಪಕ್ಕ ಕೂತಿರ್ತಾರೆ, ಟಿವಿ ಹಾಕಿದ್ರೆ ಮಗು ಏಳ್ತದೆ ಅಂತ ಅದೂ ಇಲ್ಲ, ಟ್ರಿಪ್ ಮುಗಿಯುವ ತನಕ ದಿನಾ ಅದೇ. ಅವರು ಬೇಡ ಅನ್ನುವುದಿಲ್ಲ, ನೀವು ಹೋಗಿ ಬನ್ನಿ ಅಂತಲೇ ಹೇಳ್ತಾರೆ. ಒಮ್ಮೆ ಒಬ್ಬರು ಅಜ್ಜಿ, ಕಾಟನ್ ಸೀರೆ ಮೇಲೆ ಸ್ವೆಟರ್ ಹಾಕಿದವರು, ಹನ್ನೊಂದರ ಹೊತ್ತಿಗೆ ಬಿಸಿ ನೀರು ಸಿಗ್ತದಾ ಅಂತ ಫ್ಲಾಸ್ಕ್ ಹಿಡ್ಕೊಂಡು ನಮ್ಮ ಲೌಂಜಿಗೆ ಬಂದ್ರು. ಫಿಲಿಪೀನ್ಸಿನ ಹುಡುಗರ ಬ್ಯಾಂಡ್ ಹಳೇ ಹಿಂದಿ ಹಾಡೊಂದರ ಟ್ಯೂನ್ ನುಡಿಸ್ತಾ ಇತ್ತು. ನಾನು ನೀರು ತುಂಬಿಸಿ ತರುವಷ್ಟರಲ್ಲಿ ಅವರು ಹತ್ತಿರದ ಕುರ್ಚಿಯ ತುದಿಯಲ್ಲಿ ಕೂತಾಗಿತ್ತು, ಬೆರಳಲ್ಲಿ ಫ್ಲಾಸ್ಕಿನ ಮುಚ್ಚಳದ ಮೇಲೆ ತಾಳ. ಫ್ಲಾಸ್ಕ್ ಕೈಗೆ ಕೊಟ್ಟ ಕೂಡ್ಲೆ, ಮಗು ಒಂದೇ ಉಂಟು ಅಂತ ಎದ್ದು ಹೋದ್ರು. ನನಗೆ ತುಂಬ ಬೇಜಾರಾಯ್ತು ಅವತ್ತು. ನಿಮ್ಮಷ್ಟೇ ದುಡ್ಡು ಕೊಟ್ಟು ಬಂದಿರ್ತಾರೆ ಅವರೂ, ವಯಸ್ಸಾದವರಿಗೆ ಹಗಲು ಬಿಸಿಲಲ್ಲಿ ಡೆಕ್ಕಲ್ಲಿ ನಿಲ್ಲಲಿಕ್ಕೆ ಆಗುವುದಿಲ್ಲ, ಈಜುವುದಿಲ್ಲ, ಅವರಿಗೆ ಕೂತು ಅನುಭವಿಸಲಿಕ್ಕೆ ಸಿಗುವುದೇ ಈ ರಾತ್ರಿಯ ಎರಡು ಗಂಟೆ.

ಹಾಗಾಗಿ ಮಗಳ ವ್ಯವಸ್ಥೆ ಮೊದಲು ನೋಡಿ, ಹಡಗು ಆಮೇಲೆ ಆರಿಸಿ. ಮಕ್ಕಳನ್ನು ಆಡಿಸಿ ನೋಡ್ಕೊಳ್ಳುವ ಕಿಡ್ಸ್ ಕ್ಲಬ್ ಅಂತ ಎಲ್ಲ ಫ್ಯಾಮಿಲಿ ಹಡಗಲ್ಲಿ ಇರ್ತದೆ, ವ್ಯತ್ಯಾಸ ಇರುವುದು ರಾತ್ರಿ ಹತ್ತರ ನಂತರ. ರಾಯಲ್ ಕೆರಿಬಿಯನ್ ಕಂಪನಿಯ ಹಡಗಲ್ಲಿ ಹತ್ತರ ತನಕ ಫ್ರೀ, ಹತ್ತರಿಂದ ಎರಡರ ತನಕ ಗಂಟೆಗೆ ಇಷ್ಟು ಅಂತ ಚಾರ್ಜ್ ಮಾಡಿ ನೋಡ್ಕೊಳ್ತಾರೆ, ಮೂರು ವರ್ಷ ಆಗಿರ್ಬೇಕು, ಡೈಪರ್ ಬಿಟ್ಟಿರ್ಬೇಕು ಅಷ್ಟೆ. ಕಾರ್ನಿವಲ್ಲಲ್ಲೂ ಹತ್ತರಿಂದ ಒಂದರ ತನಕ ದುಡ್ಡು ಕೊಟ್ಟು ಬಿಡಬಹುದು. ಡಿಸ್ನಿಯಲ್ಲಿ ಮಕ್ಕಳ ಕ್ಲಬ್ ಮಧ್ಯರಾತ್ರಿ ತನಕ ಟಿಕೆಟಿನೊಳಗೇ ಬರ್ತದೆ, ಮತ್ತೆ ಡಿಸ್ನಿ ಹಡಗಲ್ಲಿ ಕ್ಯಾಸಿನೋನೇ ಇಲ್ಲ, ಉಳಿದ ಹಡಗುಗಳಲ್ಲಿ ಎಷ್ಟೋ ಸಲ ಥಿಯೇಟರಿಂದ ಲಿಫ್ಟಿಗೆ ಹೋಗ್ಲಿಕ್ಕೆ ಕ್ಯಾಸಿನೋ ಪಕ್ಕದಲ್ಲೇ ನಡೀಬೇಕು, ಸಿಗರೇಟ್ ವಾಸನೆ ಬೇರೆ. ಕ್ಲಬ್ಬಿನವರು ಸಹಿ ಹಾಕಿಸ್ಕೊಂಡು ಮಗುವನ್ನು ಒಳಗೆ ತಗೊಳ್ತಾರೆ, ಕರ್ಕೊಂಡು ಹೋಗ್ಲಿಕ್ಕೆ ನೀವು ಹೆಸರು ಕೊಟ್ಟವರೇ ಬರ್ಬೇಕು, ಭಯ ಬೇಡ. ಆ ಗಂಟೆಗಳ ದುಡ್ಡು ದಂಡ ಅಂತ ಅನ್ನಿಸಿದ್ರೆ ಅದನ್ನು ಅತ್ತೆಯವರ ಲೆಕ್ಕದಲ್ಲಿ ಬರೀರಿ, ಅವರ ಹತ್ತಿರವೂ ಟಿಕೆಟ್ ಉಂಟಲ್ಲ.

ಸಿಂಗಾಪುರ ಆದ್ರೆ ಈ ರಾತ್ರಿಯ ಕ್ಲಬ್ ಇನ್ನೂ ಬೇಕಾಗ್ತದೆ, ಯಾಕಂದ್ರೆ ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಹಡಗಲ್ಲಿ ರಾತ್ರಿ ಹತ್ತು ಅಂದ್ರೆ ನಿಮ್ಮ ಮಗಳ ಹೊಟ್ಟೆಗೆ ಕಣ್ಣಿಗೆ ಇನ್ನೂ ಏಳೂವರೆ, ಮನೆಯಲ್ಲಿ ಹೋಮ್‌ವರ್ಕ್ ಮಾಡುವ ಹೊತ್ತು, ಮಲಗು ಅಂದ್ರೆ ಎಲ್ಲಿಂದ ಮಲಗ್ತಾಳೆ. ಮೂರು ರಾತ್ರಿಯ ಟ್ರಿಪ್ಪಲ್ಲಿ ಮೈ ಹೊಂದ್ಕೊಳ್ಳುವಷ್ಟರಲ್ಲಿ ವಾಪಸ್ ಬಂದಾಗಿರ್ತದೆ. ಹಾಗಾಗಿ ಹೊಂದಿಸ್ಲಿಕ್ಕೆ ಹೋಗ್ಬೇಡಿ, ಊರಿನ ಟೈಮಲ್ಲೇ ಇರಿ, ಡಿನ್ನರಿಗೆ ಎರಡನೇ ಪಂಕ್ತಿ ತಗೊಳ್ಳಿ, ಮೊದಲನೆಯದ್ದು ಆರು ಗಂಟೆಗೆ ಅಂದ್ರೆ ನಮಗೆ ಮಧ್ಯಾಹ್ನ ಮೂರೂವರೆ, ಯಾರಿಗೆ ಹಸಿವಾಗ್ತದೆ. ಬೆಳಗ್ಗೆ ಬೇಗ ಟೂರ್ ಬುಕ್ ಮಾಡುವುದೂ ಬೇಡ, ಅಲ್ಲಿಯ ಎಂಟು ನಮ್ಮ ಐದೂವರೆ. ಅಲ್ಲಿಂದ ಹೊರಡುವ ಜೆಂಟಿಂಗ್ ಡ್ರೀಮ್ ಹಡಗಲ್ಲಿ ನಮ್ಮ ದೇಶದವರು ತುಂಬ, ಸಸ್ಯಾಹಾರ, ಜೈನ್ ಊಟ ಎಲ್ಲ ಕೊಡ್ತಾರೆ, ಊಟದ ಚಿಂತೆ ಇದ್ದವರಿಗೆ ಅದು ಆಗ್ತದೆ.

ಮುಂಬೈಯಿಂದ ಹೋಗುವ ಕೊರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು ಬೇರೆ ರೀತಿ. 1990ರಲ್ಲಿ ಕಟ್ಟಿದ ಹಡಗು, ಮೊದಲು ರಾಯಲ್ ಕೆರಿಬಿಯನ್ ಹತ್ತಿರ ಇತ್ತು, 2021ರಿಂದ ನಮ್ಮಲ್ಲಿ ಓಡ್ತಾ ಉಂಟು. ಈಗಿನ ದೊಡ್ಡ ಹಡಗುಗಳ ಮುಂದೆ ಚಿಕ್ಕದು, ಹಾಗಾಗಿ ಐಸ್ ಸ್ಕೇಟಿಂಗ್, ನೀರಿನ ಸರ್ಕಸ್ ಎಲ್ಲ ನಿರೀಕ್ಷೆ ಮಾಡ್ಬೇಡಿ. ಬಾಲಿವುಡ್ ಹಾಡು, ಡ್ಯಾನ್ಸ್, ಡಿಜೆ ಇದೇ ಜೋರು, ಚಿಕ್ಕ ಗೋವಾ ಟ್ರಿಪ್ಪಲ್ಲಿ ಫ್ರೆಂಡ್ಸ್ ಗ್ಯಾಂಗ್‌ಗಳು ಜಾಸ್ತಿ ಬರ್ತಾರೆ, ರಾತ್ರಿ ಗಲಾಟೆ ಇರ್ತದೆ. ಫ್ಯಾಮಿಲಿಗೆ ನನ್ನ ಪ್ರಕಾರ ಲಕ್ಷದ್ವೀಪದ ಉದ್ದದ ಟ್ರಿಪ್ ಒಳ್ಳೇದು. ಭಾಷೆ ನಮ್ಮದೇ ದೇಶದ್ದು ಆದ ಕಾರಣ ಅತ್ತೆಯವರಿಗೆ ಸ್ಟೇಜಲ್ಲಿ ಎಂತ ಆಗ್ತಾ ಉಂಟು ಅಂತ ಯಾರೂ ಪಕ್ಕದಲ್ಲಿ ಕೂತು ಹೇಳ್ಬೇಕಾಗಿಲ್ಲ, ಅದೊಂದು ದೊಡ್ಡ ಪ್ಲಸ್. ಮಳೆಗಾಲದಲ್ಲಿ ಮಾತ್ರ ನಮ್ಮ ಈ ಪಶ್ಚಿಮದ ಕಡಲಿಗೆ ಯಾರೂ ಆಸೆ ಪಡ್ಬೇಡಿ, ಮಲ್ಪೆಯ ಬೋಟುಗಳೇ ಜೂನ್ ಜುಲೈ ದಡದಲ್ಲಿ ಕೂತಿರ್ತವೆ.

ಮಗನ ವಿಷಯ ಸುಲಭ. ಹದಿಹರೆಯದವರಿಗೆ ಬೇರೆಯೇ ಜಾಗ ಇರ್ತದೆ, ಗೇಮ್ಸ್, ಮ್ಯೂಸಿಕ್, ಅವರದ್ದೇ ಪಾರ್ಟಿ, ಮೊದಲ ದಿನ ನಾಚಿಕೆ ಅಂತ ಹೋಗುವುದಿಲ್ಲ, ಹಾಗೆ ಬಿಟ್ರೆ ಎರಡನೇ ದಿನ ಉಳಿದವರು ಗುಂಪು ಕಟ್ಟಿ ಆಗಿರ್ತದೆ, ಹಾಗಾಗಿ ಮೊದಲ ರಾತ್ರಿಯೇ ಹತ್ತು ನಿಮಿಷಕ್ಕಾದ್ರೂ ಕಳಿಸಿ. ಹಲವು ಕಂಪನಿಗಳಲ್ಲಿ ರಾತ್ರಿ ಒಂದರ ಮೇಲೆ 17 ಮತ್ತು ಅದಕ್ಕಿಂತ ಚಿಕ್ಕವರು ದೊಡ್ಡವರಿಲ್ಲದೆ ಹೊರಗೆ ತಿರುಗುವ ಹಾಗಿಲ್ಲ, ಸೆಕ್ಯೂರಿಟಿಯವರೇ ರೂಮಿಗೆ ತಂದು ಬಿಡ್ತಾರೆ. ಇನ್ನೊಂದು, ಅವನ ಮೊಬೈಲ್ ಹಡಗು ಹತ್ತಿದ ಕೂಡ್ಲೆ ಫ್ಲೈಟ್ ಮೋಡಿಗೆ ಹಾಕಿಸಿ. ನಡು ಕಡಲಲ್ಲಿ ಹಡಗಿನ ಸ್ಯಾಟಲೈಟ್ ನೆಟ್‌ವರ್ಕಿಗೆ ಸಿಮ್ ತನ್ನಷ್ಟಕ್ಕೆ ಜೋಡಿಸ್ಕೊಳ್ತದೆ, ನಮ್ಮ ಮಾಮೂಲಿ ಪ್ಯಾಕ್ ಅಲ್ಲಿ ನಡೆಯುವುದಿಲ್ಲ, ಬಿಲ್ ನೋಡಿದ್ರೆ ತಲೆ ತಿರುಗ್ತದೆ. ನೆಟ್ ಬೇಕೇ ಬೇಕು ಅಂದ್ರೆ ಹಡಗಿನ ವೈಫೈ ಪ್ಯಾಕ್ ತಗೊಳ್ಳಿ.

ಐದೂ ಜನ ಒಟ್ಟಿಗೆ ಇರುವಂಥದ್ದು ಒಂದಾದ್ರೂ ಬೇಕಲ್ಲ, ಅದಕ್ಕೆ ಸ್ವಿಮ್ಮಿಂಗ್ ಪೂಲ್ ಹತ್ತಿರದ ದೊಡ್ಡ ಪರದೆಯ ಸಿನಿಮಾ. ರಾಯಲ್ ಕೆರಿಬಿಯನ್, ಪ್ರಿನ್ಸೆಸ್, ಕಾರ್ನಿವಲ್, ಡಿಸ್ನಿ ಎಲ್ಲದರಲ್ಲೂ ಇಂಥ ಪರದೆಯ ಹಡಗುಗಳು ಉಂಟು, ಬೇರೆ ದುಡ್ಡಿಲ್ಲ. ಉದ್ದ ಒರಗು ಕುರ್ಚಿ ಹಾಕಿರ್ತಾರೆ, ರೂಮಿಂದ ಬೆಡ್‌ಶೀಟ್ ತನ್ನಿ, ಗಾಳಿ ಜೋರಿರ್ತದೆ, ಅತ್ತೆಯವರಿಗೆ ಕಿವಿ ಮುಚ್ಚುವ ಶಾಲು. ಮಗಳು ಅರ್ಧದಲ್ಲಿ ನಿದ್ದೆ ಹೋದ್ರೆ ಅಲ್ಲೇ ಹೊದಿಸಿ ಮಲಗಿಸಿ, ನಮ್ಮಲ್ಲಿ ಬಯಲಾಟಕ್ಕೆ ಹೋದ್ರೆ ಮಕ್ಕಳನ್ನು ಚಾಪೆಯಲ್ಲಿ ಮಲಗಿಸಿ ದೊಡ್ಡವರು ಆಟ ನೋಡ್ತಿದ್ದ ಹಾಗೆ. ಯಾರೂ ಎಂತದ್ದೂ ಹೇಳುವುದಿಲ್ಲ. ಆದ್ರೆ ಹನ್ನೆರಡರ ನಂತರ ಡೆಕ್ ತೊಳೀಲಿಕ್ಕೆ ಶುರು ಮಾಡ್ತಾರೆ, ಪೈಪಲ್ಲಿ ನೀರು ಬಿಟ್ಟು ಕುರ್ಚಿಗಳನ್ನೆಲ್ಲ ಒಂದು ಬದಿಗೆ ಪೇರಿಸ್ತಾರೆ, ಆಗ ನೆಲ ಭಾರೀ ಜಾರ್ತದೆ, ವಯಸ್ಸಾದವರ ಜೊತೆ ಆ ಹೊತ್ತಿಗೆ ಹೊರಗೆ ಇರ್ಬೇಡಿ. ಮಗಳನ್ನು ಬಾಲ್ಕನಿಯಲ್ಲಿ ಒಬ್ಬಳೇ ಬಿಡುವುದು ಹಗಲಿಗೂ ಬೇಡ ರಾತ್ರಿಗೂ ಬೇಡ.

ರಾತ್ರಿ ಹಸಿವಿಗೆ ಹಿಂದೆಲ್ಲ ಮಧ್ಯರಾತ್ರಿ ದೊಡ್ಡ ಬಫೆ ಇಡ್ತಿದ್ರು, ಈಗ ಹೆಚ್ಚಿನ ಹಡಗಲ್ಲಿ ನಿಂತು ಹೋಗಿದೆ, ಪಿಜ್ಜಾ ಕೌಂಟರ್ ಮಾತ್ರ ತಡರಾತ್ರಿ ತನಕ ಇರ್ತದೆ. ರೂಮಿಗೆ ತರಿಸಿದ್ರೆ ಡಿಸ್ನಿಯಲ್ಲಿ ಫ್ರೀ, ರಾಯಲ್ ಕೆರಿಬಿಯನ್ನಲ್ಲಿ ಒಂದು ಆರ್ಡರಿಗೆ ಸುಮಾರು 8 ಡಾಲರ್ ತಗೊಳ್ತಾರೆ. ಮೊಸರನ್ನ ಬೇಕಿದ್ರೆ ಡಿನ್ನರ್ ಹೊತ್ತಿಗೇ ವೇಟರ್ ಹತ್ತಿರ ಹೇಳಿಡಿ, ಅಡಿಗೆಮನೆಯಲ್ಲಿ ನಮ್ಮ ಕಡೆಯ ಹುಡುಗರು ಯಾರಾದ್ರೂ ಇದ್ದೇ ಇರ್ತಾರೆ, ಮಾಡಿ ಕೊಡ್ತಾರೆ.

ರೂಮ್ ಬುಕ್ ಮಾಡುವಾಗ ಡೆಕ್ ಪ್ಲಾನ್, ಅಂದ್ರೆ ಹಡಗಿನ ಮಹಡಿಗಳ ನಕ್ಷೆ, ತೆಗೆದು ನಿಮ್ಮ ರೂಮಿನ ಮೇಲೆ ಕೆಳಗೆ ಎಂತ ಉಂಟು ನೋಡಿ. ಎರಡೂ ಕಡೆ ರೂಮುಗಳೇ ಇದ್ರೆ ಒಳ್ಳೇದು. ಪೂಲ್ ಡೆಕ್ಕಿನ ಕೆಳಗೆ ಸಿಕ್ಕಿದ್ರೆ ಕುರ್ಚಿ ಎಳೆಯುವ ಸದ್ದು, ಡಿಸ್ಕೋ ಅಥವಾ ಥಿಯೇಟರ್ ಹತ್ತಿರ ಸಿಕ್ಕಿದ್ರೆ ಡ್ರಮ್ಮಿನ ಗುದ್ದು, ರಾತ್ರಿ ಒಂದಾದ್ರೂ ಬಿಡುವುದಿಲ್ಲ. ಹಡಗಿನ ಮಧ್ಯದಲ್ಲಿ, ಸ್ವಲ್ಪ ಕೆಳಗಿನ ಡೆಕ್ಕಲ್ಲಿ ತಗೊಂಡ್ರೆ ಅಲುಗಾಟವೂ ಕಡಿಮೆ, ಅತ್ತೆಯವರು ಯಾವ ಹೊತ್ತಿಗೆ ಬೇಕಾದ್ರೂ ಲಿಫ್ಟ್ ಹಿಡಿದು ತಾವೇ ಬಂದು ಹೋಗಬಹುದು. ರೂಮ್ ಕಾರ್ಡ್ ಅವರಿಗೂ ಒಂದು ಕೊಡ್ತಾರೆ, ಕೆಲವು ಕಡೆ ದಾರದಲ್ಲಿ ಕುತ್ತಿಗೆಗೆ ಹಾಕ್ಲಿಕ್ಕೆ ತೂತು ಮಾಡಿ ಕೊಡ್ತಾರೆ, ಕೇಳಿ ಮಾಡಿಸಿ. ಲಿಫ್ಟ್ ಹತ್ತಿರದ ಗುರ್ತು, ರೂಮ್ ನಂಬರ್, ಲೌಂಜಿನ ಹೆಸರು ಇಷ್ಟು ಮೊದಲ ದಿನ ಹಗಲಲ್ಲೇ ಅವರ ಜೊತೆ ನಡೆದು ತೋರಿಸಿ, ಮತ್ತೆ ರಾತ್ರಿ ಅವರೇ ನಿಮಗೆ ದಾರಿ ಹೇಳ್ತಾರೆ.

ಕೊನೆಯ ರಾತ್ರಿ ಮಾತ್ರ ಪ್ಲಾನ್ ಬದಲಾಗ್ತದೆ. ದೊಡ್ಡ ಬ್ಯಾಗುಗಳಿಗೆ ಟ್ಯಾಗ್ ಕಟ್ಟಿ ಹತ್ತು ಹನ್ನೊಂದರ ಒಳಗೆ ರೂಮಿನ ಹೊರಗೆ ಇಡ್ಲಿಕ್ಕೆ ಹೇಳ್ತಾರೆ, ಮರುದಿನ ಬೆಳಗ್ಗೆ ಟರ್ಮಿನಲ್ಲಲ್ಲೇ ಸಿಗುವುದು. ಹಾಗಾಗಿ ಅವತ್ತು ಶೋಗೆ ಹೋಗುವ ಮೊದಲೇ ಪ್ಯಾಕಿಂಗ್ ಮುಗಿಸಿ, ಬೆಳಗ್ಗೆ ಹಾಕುವ ಬಟ್ಟೆ, ಪಾಸ್‌ಪೋರ್ಟ್, ಅತ್ತೆಯವರ ಬಿಪಿ ಮಾತ್ರೆ ಒಂದು ಕೈಚೀಲದಲ್ಲಿ ಹೊರಗೆ ತೆಗೆದಿಡಿ. ಯಾವ ಹಡಗು ಅಂತ ಫಿಕ್ಸ್ ಆದ ಮೇಲೆ ಹೆಸರು ಮತ್ತು ಡೆಕ್ ನಂಬರ್ ಇಲ್ಲೇ ಕಮೆಂಟಲ್ಲಿ ಹಾಕಿ, ರೂಮ್ ಎಲ್ಲಿ ಬರ್ತದೆ ಅಂತ ನೋಡಿ ಹೇಳ್ತೇನೆ.