ಸಿಇಟಿ ಭೌತಶಾಸ್ತ್ರಕ್ಕೆ ಏನೇನು ಬಾಯಿಪಾಠ ಮಾಡಬೇಕು?

ಮೂಲ ಸೂತ್ರಗಳು, ಅವುಗಳ ಏಕಮಾನಗಳು, ನಾಲ್ಕೈದು ಸ್ಥಿರಾಂಕಗಳು. ಇಷ್ಟು ಬಾಯಿಗೆ ಬಂದರೆ ಸಾಕು. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಕ್ಯಾಲ್ಕುಲೇಟರ್ ಇಲ್ಲ. ಸೂತ್ರವನ್ನು ಅಲ್ಲೇ ಕೂತು ಸಾಧಿಸಲು ಪುರುಸೊತ್ತು ಎಲ್ಲಿ? ಬೆಳಕಿನ ಲೆಕ್ಕಕ್ಕೆ 1240 ನೆನಪಿಡಿ: ಅದನ್ನು ನ್ಯಾನೊಮೀಟರಿನಲ್ಲಿರುವ ತರಂಗದೂರದಿಂದ ಭಾಗಿಸಿದರೆ ಫೋಟಾನಿನ (ಬೆಳಕಿನ ಕಣದ) ಶಕ್ತಿ ಎಲೆಕ್ಟ್ರಾನ್ ವೋಲ್ಟಿನಲ್ಲಿ ಸಿಗುತ್ತದೆ. 620 ಆದರೆ 2, ಅಷ್ಟೇ.

ಸೂತ್ರದ ಜೊತೆ ಅದರ ಷರತ್ತನ್ನೂ ಕಲಿಯಿರಿ. ಮಕ್ಕಳು ಎಡವುವುದು ಜಾಸ್ತಿ ಇಲ್ಲೇ. ನಮ್ಮ ಶಿರಸಿ ತೋಟದಲ್ಲಿ 20 ಮೀಟರ್ ಮೇಲಿಂದ ಬಿದ್ದ ಅಡಿಕೆ ಸೂತ್ರ ಹೇಳಿದ ಹಾಗೆ ಸುಮಾರು 2 ಸೆಕೆಂಡಿಗೆ ನೆಲ ಮುಟ್ಟುತ್ತದೆ. ಒಣ ಸೋಗೆ ಹಾಗಲ್ಲ, ತೇಲಾಡುತ್ತಾ ಬರುತ್ತದೆ ಅಲ್ವಾ? ಗಾಳಿ ತಡೆಯುವುದರಿಂದ ಅದರ ವೇಗೋತ್ಕರ್ಷ (ವೇಗ ಏರುವ ದರ) ಒಂದೇ ಸಮ ಇರುವುದಿಲ್ಲ. ಆ ಸೂತ್ರ ಅಲ್ಲಿ ನಡೆಯುವುದಿಲ್ಲ.