ಸಂಪಾದಕರ ಉತ್ತರ: ಪುಸ್ತಕ ತೋರಿಸಿದರೆ ಮಾತು ಬರುತ್ತದೆಯೇ?

ಗದಗ-ಬೆಟಗೇರಿಯಿಂದ ಅಜ್ಜಿಯೊಬ್ಬರು ಬರೆದಿದ್ದಾರೆ. ನಾಲ್ಕು ವರ್ಷದ ಮೊಮ್ಮಗನಿಗೆ ಮಾತು ಬಹಳ ಕಡಿಮೆ. ವಾರಕ್ಕೊಮ್ಮೆ ಅವನನ್ನು ರೈಲಿನಲ್ಲಿ ಹುಬ್ಬಳ್ಳಿಗೆ ಸ್ಪೀಚ್ ಥೆರಪಿಗೆ ಕರೆದೊಯ್ಯುತ್ತಾರೆ. ಪತ್ರದ ಮುಖ್ಯ ಭಾಗ ಇದು: "ಅಲ್ಲಿ ಮೇಡಂ ಅರ್ಧ ತಾಸು ಬರೇ ಚಿತ್ರದ ಪುಸ್ತಕ ತೋರಿಸ್ತಾರ. ಪ್ರತಿ ವಾರ ಅದೇ ಪುಸ್ತಕ. ಮನ್ಯಾಗ ನಾನೂ ತೋರಿಸಿ ಇದೇನು, ಇದೇನು ಅಂತ ಕೇಳ್ತೀನಿ, ಬಾಯಿ ಬಿಡೂದಿಲ್ಲ. ಒಂದರಿಂದ ಹತ್ತರ ತನಕ ಹೇಳ್ತಾನ, ಎಷ್ಟು ಅದಾವ ಅಂದ್ರ ಸುಮ್ನ ಕೂಡ್ತಾನ. ಮೇಡಂ ಹಸು ಅಂತಾರ, ನಾವು ಆಕಳ ಅಂತೀವಿ. ರೊಕ್ಕ ಸುಮ್ನ ಹೊಂಟದೇನು?"

ಅಕ್ಕಾವ್ರೇ, ರೊಕ್ಕ ಸುಮ್ನೆ ಹೋಗುತ್ತಿಲ್ಲ. ಆ ಅರ್ಧ ತಾಸಿನಲ್ಲಿ ಏನು ನಡೆಯುತ್ತದೆ ಅಂತ ನಿಮಗೆ ಯಾರೂ ಬಿಡಿಸಿ ಹೇಳಿಲ್ಲ, ಅದೇ ಬೇಸರದ ಸಂಗತಿ.

ಅಂಗಳದಲ್ಲಿ ಆಕಳು ಕಂಡು "ಆಕಳು" ಅನ್ನುವಷ್ಟರಲ್ಲಿ ಅದು ಮುಂದೆ ಹೋಗಿರುತ್ತದೆ. ಹುಡುಗ ಬೇರೆ ಏನೋ ನೋಡುತ್ತಿರುತ್ತಾನೆ. ಪುಸ್ತಕದ ಆಕಳು ಅಲ್ಲೇ ನಿಂತಿರುತ್ತದೆ. ಅವನ ಕಣ್ಣು ಅದರ ಮೇಲಿದೆ, ದೊಡ್ಡವರ ಬೆರಳೂ ಅಲ್ಲೇ ಇದೆ. ಅದೇ ಗಳಿಗೆಯಲ್ಲಿ ಪದ ಕಿವಿಗೆ ಬೀಳುತ್ತದೆ. ಮಾತು ತಡವಾದ ಮಗುವಿಗೆ ಒಂದು ಪದವನ್ನು ಹೀಗೆ ಮತ್ತೆ ಮತ್ತೆ ಕೇಳಿಸಬೇಕು. ಪುಸ್ತಕ ಬದಲಾಗದಿರುವುದೂ ಅದಕ್ಕೇ. ಮುಂದಿನ ಪುಟದಲ್ಲಿ ಏನಿದೆ ಅಂತ ಗೊತ್ತಾದ ಮೇಲೆ ಮಗುವಿನ ಗಮನ ಪೂರ್ತಿ ಮಾತಿನ ಕಡೆ ತಿರುಗುತ್ತದೆ.

ಈಗ ನಿಮ್ಮ "ಇದೇನು, ಇದೇನು" ವಿಷಯಕ್ಕೆ ಬರುತ್ತೇನೆ. 1988ರಲ್ಲಿ ಅಮೆರಿಕದ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಸುಮಾರು ಎರಡು ವರ್ಷದ ಮಕ್ಕಳ ಮನೆಗಳಲ್ಲಿ ಒಂದು ತಿಂಗಳು ನಡೆದದ್ದು ಅದು. ಎರಡು ಗುಂಪಿನ ತಂದೆತಾಯಿಯರೂ ಹೆಚ್ಚುಕಡಿಮೆ ಅಷ್ಟೇ ಸಲ ಪುಸ್ತಕ ಓದಿದರು. ಒಂದು ಗುಂಪಿಗೆ ಮಾತ್ರ ಓದುವ ರೀತಿ ಬದಲಿಸಲು ಕಲಿಸಿದ್ದರು: ಮಗು ಆಡಿದ್ದನ್ನು ಹಿಡಿದು ಬೆಳೆಸಿ, ಹೌದು-ಅಲ್ಲ ಎಂದು ಮುಗಿಯುವ ಪ್ರಶ್ನೆ ಬಿಡಿ. ಆ ಮಕ್ಕಳು ಮಾತಿನಲ್ಲಿ ಮುಂದೆ ಹೋದರು. ಅವು ಮಾತಿನ ತೊಂದರೆ ಇದ್ದ ಮಕ್ಕಳಲ್ಲ, ನಿಜ. ಆದರೂ ಇವತ್ತು ಥೆರಪಿಯಲ್ಲಿ ಪುಸ್ತಕ ಹಿಡಿದು ಕೂರುವವರಲ್ಲಿ ಬಹಳ ಮಂದಿ ಇದೇ ದಾರಿಯಲ್ಲಿ ನಡೆಯುತ್ತಾರೆ.

ಮಾತು ಬಾರದ ಮಗುವಿಗೆ "ಇದೇನು" ಅನ್ನುವುದು ಪರೀಕ್ಷೆ. ತಪ್ಪಾದೀತು ಅಂತ ಬಾಯಿ ಮುಚ್ಚಿಕೊಳ್ಳುತ್ತದೆ. ನೀವೇ ಹೇಳಿ, ಆಮೇಲೆ ಕಾಯಿರಿ. ಸಂತೆಯ ಪುಟ ಇದೆ ಅಂದುಕೊಳ್ಳಿ. ಅವನು ಎಲ್ಲಿ ನೋಡುತ್ತಾನೋ ಅಲ್ಲಿ ಬೆರಳಿಡಿ. "ಬದನಿಕಾಯಿ. ಅಜ್ಜ ಬದನಿಕಾಯಿ ತಗೊಂಡ." ಅಷ್ಟು ಹೇಳಿ ಮನಸ್ಸಿನಲ್ಲೇ ಐದು ಎಣಿಸುವವರೆಗೆ ಸುಮ್ಮನಿರಿ. ನಮಗೆ ದೊಡ್ಡವರಿಗೆ ಈ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟ, ಅಲ್ವಾ? ಅವನು "ಬನಿ" ಅಂದರೂ ಸಾಕು. ತಿದ್ದಬೇಡಿ. "ಹೌದು, ಬದನಿಕಾಯಿ! ದೊಡ್ಡ ಬದನಿಕಾಯಿ" ಅನ್ನಿ. ಅವನ ಒಂದು ಪದಕ್ಕೆ ನಿಮ್ಮ ಒಂದು ಪದ ಸೇರಲಿ, ಜಾಸ್ತಿ ಬೇಡ. ಬರೀ ಹೆಸರುಗಳಲ್ಲೇ ನಿಲ್ಲಬೇಡಿ. ಬಿದ್ದ, ಕುಡೀತು, ಓಡಿತು, ಒಳಗೆ, ಮೇಲೆ ಇವೂ ಬೇಕು. ಇವಿಲ್ಲದೆ ವಾಕ್ಯ ಹುಟ್ಟುವುದಿಲ್ಲ.

ಎಣಿಕೆಗೂ ಇದೇ ಪುಸ್ತಕ ಸಾಕು. ಹತ್ತರ ತನಕ ಹೇಳುವುದು ಬಾಯಿಪಾಠ. ಎಣಿಸುವುದು ಬೇರೆ ಕೆಲಸ. ಒಂದು ವಸ್ತುವಿಗೆ ಒಂದೇ ಅಂಕಿ, ಯಾವುದನ್ನೂ ಬಿಡಬಾರದು, ಕೊನೆಗೆ ಹೇಳಿದ ಅಂಕಿಯೇ ಒಟ್ಟು ಅಂತ ತಿಳಿಯಬೇಕು. ಈ ಕೊನೆಯದು ಯಾವ ತೊಂದರೆಯೂ ಇಲ್ಲದ ಮಕ್ಕಳಿಗೂ ತಡವಾಗಿ ಬರುತ್ತದೆ. "ಒಂದು" ಗಟ್ಟಿಯಾಗಿ, "ಎರಡು" ಗಟ್ಟಿಯಾಗಿ, "ಮೂರು" ಬರುವಷ್ಟರಲ್ಲಿ ತಿಂಗಳುಗಳೇ ಹೋಗುತ್ತವೆ. ಹಾಗಾಗಿ ಹತ್ತನ್ನು ಸದ್ಯಕ್ಕೆ ಬಿಡಿ. ಎರಡು, ಮೂರು ಇರುವ ಪುಟ ಆರಿಸಿ. ಮೊದಲು ಒಟ್ಟು ಹೇಳಿ: "ಮೂರು ಆಕಳು." ಆಮೇಲೆ ಅವನ ಬೆರಳು ಹಿಡಿದು ಒಂದೊಂದನ್ನೂ ಮುಟ್ಟಿಸಿ. ಕೊನೆಗೆ ಕೈಯನ್ನು ಸುತ್ತ ಆಡಿಸಿ, "ಎಲ್ಲಾ ಸೇರಿ ಮೂರು." ಚಿತ್ರಗಳು ಚದುರಿದ್ದರೆ ಎಣಿಸಿದ್ದು ಯಾವುದು ಅಂತ ಅವನಿಗೆ ಮರೆತು ಹೋಗುತ್ತದೆ. ಆಗ ಪ್ರತಿ ಚಿತ್ರದ ಮೇಲೂ ಒಂದು ಹುಣಸೆ ಬೀಜ ಇಡಿಸಿ. ಮನೆಯಲ್ಲಿ ಕೂಸು ಇದ್ದರೆ ಬೀಜ ಬೇಡ, ದೊಡ್ಡ ಮುಚ್ಚಳ ಇಡಿ. ಇಟ್ಟದ್ದನ್ನೆಲ್ಲ ಅವನ ಅಂಗೈಗೆ ಹಾಕಿ "ಎರಡು ಕೊಡು" ಅಂತ ಕೇಳಿ. ಅವನು ಎರಡೇ ಕೊಟ್ಟರೆ ಎರಡು ತಿಳಿಯಿತು ಅಂತ ಅರ್ಥ. ಹಿಡಿ ತುಂಬ ಕೊಟ್ಟರೆ ಬೇಸರ ಬೇಡ, "ಒಂದು, ಎರಡು" ಅಂತ ನೀವೇ ತೆಗೆದುಕೊಂಡು ತೋರಿಸಿ.

ಚಿತ್ರದಲ್ಲಿ ಜನ ಇದ್ದರೆ ಈಗಲೇ ಎಣಿಸಬೇಡಿ. ಎರಡು ಆಕಳು ಅನ್ನುತ್ತೇವೆ, ಆದರೆ ಇಬ್ಬರು ಹುಡುಗರು ಅನ್ನುತ್ತೇವೆ. ಎಣಿಕೆ ಕೈಗೆ ಹತ್ತಿದ ಮೇಲೆ ಅದು ಬರಲಿ.

ಹಸುವೋ ಆಕಳೋ? ಆಕಳು. ಮನೆಯಲ್ಲಿ ದಿನಾ ಕಿವಿಗೆ ಬೀಳುವ ಪದವೇ ಮೊದಲು. ಉಳ್ಳಾಗಡ್ಡಿ, ಗಜ್ಜರಿ, ಶೇಂಗಾ, ನಿಮ್ಮ ಮನೆಯ ಪದಗಳನ್ನು ಒಂದು ಹಾಳೆಯಲ್ಲಿ ಬರೆದು ಮೇಡಂಗೆ ಕೊಡಿ. ಅವರು ಖಂಡಿತ ಬಳಸುತ್ತಾರೆ. ಹಸು, ಈರುಳ್ಳಿ ಶಾಲೆಗೆ ಹೋದ ಮೇಲೆ ತಾನಾಗಿ ಬರುತ್ತವೆ.

ಪುಸ್ತಕಕ್ಕೆ ಖರ್ಚು ಮಾಡಲೇಬೇಕಂತಿಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಪುಕ್ಕಟೆ ಸಿಗುತ್ತವೆ. ಮಗನಿಗೆ ಹೇಳಿ ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲಿ ತೋರಿಸುವುದು ನನಗೆ ಒಪ್ಪಿಗೆಯಿಲ್ಲ. ಬೆರಳಿಟ್ಟರೆ ಪುಟ ಸರಿದು ಹೋಗುತ್ತದೆ, ಬೀಜ ಇಡಲೂ ಆಗುವುದಿಲ್ಲ. ಹುಬ್ಬಳ್ಳಿಯ ರೈಲಿನಲ್ಲಿ ಅವನು ನಿಮ್ಮ ತೊಡೆಯ ಮೇಲೆ ಕೂತಿರುತ್ತಾನಲ್ಲ, ಹುಲಕೋಟಿಯಿಂದ ಅಣ್ಣಿಗೇರಿವರೆಗಿನ ಆ ಹೊತ್ತು ಒಂದು ಪುಸ್ತಕಕ್ಕೆ ಧಾರಾಳ.

ಒಂದು ಮಾತು ಮಾತ್ರ ಒತ್ತಿ ಹೇಳುತ್ತೇನೆ. ಕಿವಿಯ ಪರೀಕ್ಷೆ ಆಗಿದೆಯೇ ಅಂತ ನೀವು ಬರೆದಿಲ್ಲ. ಆಗಿಲ್ಲದಿದ್ದರೆ ಈ ವಾರವೇ ಮಾಡಿಸಿ. ಕರೆದರೆ ತಿರುಗುತ್ತಾನೆ ಅಂದ ಮಾತ್ರಕ್ಕೆ ಎಲ್ಲ ಸದ್ದೂ ಕೇಳುತ್ತದೆ ಅಂತಲ್ಲ. ಕೇಂದ್ರ ಸರಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. 18 ವರ್ಷದವರೆಗಿನ ಮಕ್ಕಳ ಕಿವಿ, ಮಾತಿನ ತೊಂದರೆಗಳು ಅದರಲ್ಲಿ ಬರುತ್ತವೆ. ಅಂಗನವಾಡಿಯಲ್ಲೋ ಜಿಲ್ಲಾ ಆಸ್ಪತ್ರೆಯಲ್ಲೋ ವಿಚಾರಿಸಿ.

ಮುಂದಿನ ವಾರ ಹೊರಗಿನ ಬೆಂಚಿನ ಮೇಲೆ ಕೂರಬೇಡಿ. "ನಾನೂ ಒಳಗ ಕೂತು ನೋಡ್ತೀನ್ರಿ" ಅಂತ ಮೇಡಂಗೆ ಹೇಳಿ. ಹೊರಡುವಾಗ ಈ ವಾರಕ್ಕೆ ಯಾವ ಪುಟ, ಯಾವ ಪದ ಅಂತ ಬರೆಸಿಕೊಳ್ಳಿ.