ಗೇಮ್ ಪ್ರಶ್ನೋತ್ತರ: ಮೊದ್ಲು ಊಟ ಹಾಕಿ, ಆಮೇಲೆ ಬ್ರಷ್ ಕೊಡಿ

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು 'ದಿ ಸಿಮ್ಸ್ 4' ಬಗ್ಗೆನೇ ಇದಾವೆ, ಹಂಗಾಗಿ ಪೂರ್ತಿ ಅಂಕಣ ಅದಕ್ಕೇ ಬಿಟ್ಟಿದೀನಿ. ಆಡದೇ ಇರೋರಿಗೆ ಎರಡೇ ಮಾತು: ಇದ್ರಲ್ಲಿ ಗೆಲ್ಲೋದು ಸೋಲೋದು ಅಂತ ಏನೂ ಇಲ್ಲ, ಒಬ್ಬ ಮನುಷ್ಯನ್ನೋ ಒಂದು ಕುಟುಂಬಾನೋ ಮಾಡ್ಕೊಂಡು ಅವರ ಊಟ, ನಿದ್ದೆ, ಕೆಲಸ, ಕಲಿಕೆ ಎಲ್ಲಾ ನಾವು ನೋಡ್ಕೋಬೇಕು. ಆ ಮನುಷ್ಯರಿಗೇ ಸಿಮ್ ಅಂತಾರೆ. ಅವರ ಹಸಿವು, ನಿದ್ದೆ ಥರದ ಅಗತ್ಯ ಎಷ್ಟು ತುಂಬಿದೆ ಅಂತ ತೋರಿಸೋ ಪಟ್ಟಿ ಬಾರ್, ಖಾಲಿ ಆಗ್ತಾ ಆಗ್ತಾ ಅದು ಹಳದಿ, ಆಮೇಲೆ ಕೆಂಪಾಗತ್ತೆ. ಅವರು ಕಲಿಯೋ ವಿದ್ಯೆ ಸ್ಕಿಲ್, ಅದು ಲೆವೆಲ್ ಲೆವೆಲ್ಲಾಗಿ ಏರತ್ತೆ.

ಪ್ರಶ್ನೆ: ಅಕ್ಕ, ನಾನು ಎರಡು ತಿಂಗಳಿಂದ ಆಡ್ತಿದೀನಿ. ನನ್ನ ಸಿಮ್ ಪೇಂಟರ್, ಒಬ್ಬಳೇ ಇರೋದು. ಪೇಂಟಿಂಗ್ ಸ್ಕಿಲ್ 3ಕ್ಕೆ ಬಂದು ನಿಂತ್ಬಿಟ್ಟಿದೆ. ಯಾವಾಗ ನೋಡಿದ್ರೂ ಅವಳಿಗೆ ಹಸಿವು, ಇಲ್ಲ ನಿದ್ದೆ, ಇಲ್ಲ ಟಾಯ್ಲೆಟ್. ಬಾರ್ ತುಂಬಿಸೋದ್ರಲ್ಲೇ ದಿನ ಮುಗಿದು ಹೋಗತ್ತೆ. ಸ್ಕಿಲ್ ಯಾವಾಗ ಮಾಡ್ಲಿ?
(ಪಿಯುಸಿ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಬಾರ್ ತುಂಬಿಸೋದು ಬೇರೆ ಕೆಲಸ, ಸ್ಕಿಲ್ ಮಾಡೋದು ಬೇರೆ ಕೆಲಸ ಅಂದ್ಕೊಂಡಿದೀರಲ್ಲ, ತೊಂದ್ರೆ ಇರೋದು ಅಲ್ಲೇ ನೋಡಿ. ಈ ಗೇಮಲ್ಲಿ ಸ್ಕಿಲ್ ಎಷ್ಟು ಬೇಗ ಏರತ್ತೆ ಅನ್ನೋದು ಸಿಮ್‌ನ ಮೂಡ್ ಮೇಲಿದೆ, ಮೂಡ್ ಹೇಗಿರತ್ತೆ ಅನ್ನೋದು ಆ ಆರು ಬಾರ್‌ಗಳ ಮೇಲಿದೆ. ಹಸಿವು, ಎನರ್ಜಿ, ಬ್ಲ್ಯಾಡರ್, ಹೈಜೀನ್, ಫನ್, ಸೋಷಿಯಲ್. ಒಂದು ಕೆಂಪಾದ್ರೂ ಸಿಮ್‌ಗೆ ಕಿರಿಕಿರಿ ಶುರು, ಕಿರಿಕಿರಿಯಲ್ಲಿ ಈಸೆಲ್ (ಚಿತ್ರ ಬರೆಯೋ ಸ್ಟ್ಯಾಂಡ್) ಮುಂದೆ ನಾಲ್ಕು ಗಂಟೆ ನಿಲ್ಸಿದ್ರೂ ಸ್ಕಿಲ್ ಬಾರ್ ಆಮೆ ಥರ ತೆವಳತ್ತೆ. ಅದೇ ಸಿಮ್ ಇನ್‌ಸ್ಪೈರ್ಡ್, ಅಂದ್ರೆ ಸ್ಫೂರ್ತಿ ತುಂಬಿದ ಮೂಡಲ್ಲಿದ್ರೆ ಕಣ್ಮುಂದೇನೇ ಏರತ್ತೆ.

ನನ್ನ ಮೊದಲ್ನೇ ಸಿಮ್ ಹೆಸರು ಸುಮಿ, ಅವಳೂ ಪೇಂಟರ್ರೇ. ಒಂದು ರಾತ್ರಿ ಕ್ಯಾನ್ವಾಸ್ ಇನ್ನೇನು ಮುಗಿಯತ್ತೆ ಅಂತ ಅವಳು ಟಾಯ್ಲೆಟ್ಟಿಗೆ ಹೊರಟಾಗೆಲ್ಲ ನಾನು ಕ್ಯಾನ್ಸಲ್ ಮಾಡ್ತಾ ಹೋದೆ. ಕೊನೆಗೆ ಈಸೆಲ್ ಪಕ್ಕದಲ್ಲೇ ನೆಲ ಒದ್ದೆ ಆಯ್ತು, ಅವಳಿಗೆ ನಾಚಿಕೆ, ಎನರ್ಜಿ ಬೇರೆ ಸೊನ್ನೆ, ಅಲ್ಲೇ ನೆಲದ ಮೇಲೆ ಕುಸಿದು ಮಲಗಿದ್ಲು. ನಂಗೆ ನಿಜಕ್ಕೂ ಪಾಪ ಅನ್ನಿಸ್ತು. ಅಷ್ಟು ಗೋಳು ಹುಯ್ಕೊಳ್ಳೋ ಅಗತ್ಯಾನೇ ಇರಲಿಲ್ಲ, ಯಾಕಂದ್ರೆ ಅರ್ಧ ಬಿಟ್ಟ ಪೇಂಟಿಂಗ್ ಎಲ್ಲೂ ಹೋಗಲ್ಲ, ವಾಪಸ್ ಬಂದು ಅದೇ ಕ್ಯಾನ್ವಾಸ್ ಮೇಲೆ ಕ್ಲಿಕ್ ಮಾಡಿ ಮುಂದುವರಿಸಬಹುದು. ಇದೊಂದು ಗೊತ್ತಾದ ಮೇಲೆ ನಾನು ಬಾರ್ ಕೆಂಪಾಗೋ ತನಕ ಕಾಯೋದೇ ಇಲ್ಲ, ಹಳದಿಗೆ ತಿರುಗಿದ ತಕ್ಷಣ ಎಬ್ಬಿಸಿ ಕಳಿಸ್ತೀನಿ.

ಈಗ ಸುಮಿ ದಿನ ಹೇಗಿರತ್ತೆ ಹೇಳ್ತೀನಿ ಕೇಳಿ. ಎದ್ದ ತಕ್ಷಣ ಟಾಯ್ಲೆಟ್, ಆಮೇಲೆ ಶವರ್ ಮೇಲೆ ಕ್ಲಿಕ್ ಮಾಡಿ ಬರೀ ಸ್ನಾನ ಅಲ್ಲ, 'ಥಾಟ್‌ಫುಲ್ ಶವರ್' ಅಂತ ಇರತ್ತಲ್ಲ ಅದನ್ನ ಆರಿಸ್ತೀನಿ. ಹೈಜೀನ್ ಬಾರ್ ತುಂಬೋದ್ರ ಜೊತೆಗೆ ಇನ್‌ಸ್ಪೈರ್ಡ್ ಮೂಡೂ ಬರತ್ತೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಆಮೇಲೆ ಫ್ರಿಜ್ಜಲ್ಲಿರೋ ನಿನ್ನೆ ಅಡುಗೆ ತಿಂದು ಸೀದಾ ಈಸೆಲ್. ಒಬ್ಬಳೇ ಇದ್ರೂ ನಾನು ಒಂದೇ ಪ್ಲೇಟ್ ಅಡುಗೆ ಮಾಡಿಸಲ್ಲ, ಫ್ಯಾಮಿಲಿ ಸೈಜ್ ಮಾಡಿದ್ರೆ ನಾಲ್ಕು ಪ್ಲೇಟ್, ಪಾರ್ಟಿ ಸೈಜ್ ಅಂದ್ರೆ ಎಂಟು, ಮಿಕ್ಕಿದ್ದನ್ನ ಫ್ರಿಜ್ಜಲ್ಲಿಟ್ರೆ ಮುಂದಿನ ಊಟಗಳಿಗೆ ಒಲೆ ಹತ್ತಿರಾನೇ ಹೋಗೋದು ಬೇಡ. ಪೇಂಟ್ ಮಾಡ್ತಾ ಮಾಡ್ತಾ ಫನ್ ಬಾರ್ ತಾನಾಗೇ ತುಂಬತ್ತೆ, ಅದಕ್ಕೆ ಅಂತ ಟಿವಿ ಮುಂದೆ ಕೂರಿಸಬೇಕಾಗಿಲ್ಲ. ನಿಮ್ಮ ಪ್ರಶ್ನೆ ಓದಿದ್ರೆ ಫನ್ನಿಗೇ ಬೇರೆ ಟೈಮ್ ಕೊಡ್ತಿದೀರೇನೋ ಅನ್ನಿಸ್ತು, ಅದನ್ನ ಬಿಡಿ.

ಇನ್ನೊಂದು ಮುಖ್ಯವಾದ್ದು ಹಾಸಿಗೆ. ಒಬ್ಬಳೇ ಸಿಮ್ ಅಂದ್ರೆ ಶುರುವಲ್ಲಿ 20,000 ಸಿಮೋಲಿಯನ್ (ಗೇಮಿನ ದುಡ್ಡು) ಸಿಗತ್ತೆ, ಎಲ್ರೂ ಅದನ್ನ ಗೋಡೆ ಕಿಟಕಿ ಸೋಫಾಗೆ ಸುರಿದು ಮಂಚ ಮಾತ್ರ ಇರೋದ್ರಲ್ಲೇ ಅಗ್ಗದ್ದು ತಗೋತಾರೆ. ತಪ್ಪು. ಒಳ್ಳೆ ಹಾಸಿಗೆಯಲ್ಲಿ ಎನರ್ಜಿ ಬೇಗ ತುಂಬತ್ತೆ, ಅಂದ್ರೆ ದಿನಾ ಒಂದೆರಡು ಗಂಟೆ ಜಾಸ್ತಿ ನಿಮ್ಮ ಕೈಗೆ ಸಿಗತ್ತೆ. ನಾರ್ಮಲ್ ಸ್ಪೀಡಲ್ಲಿ ಗೇಮಿನ ಒಂದು ನಿಮಿಷ ಅಂದ್ರೆ ನಮ್ಮ ಒಂದು ಸೆಕೆಂಡ್, ಪೂರ್ತಿ ದಿನ 24 ನಿಮಿಷದಲ್ಲಿ ಮುಗಿಯತ್ತೆ, ಅಷ್ಟರಲ್ಲಿ ಒಂದೆರಡು ಗಂಟೆ ಅಂದ್ರೆ ಕಮ್ಮಿ ಏನಲ್ಲ. ಸೋಫಾ ಆಮೇಲೆ ತಗೊಳಿ, ಪೇಂಟಿಂಗ್ ಮಾರಿದ ದುಡ್ಡಲ್ಲಿ.

ಪ್ರಶ್ನೆ: ಪೇಂಟಿಂಗಿಗೆ ಇನ್‌ಸ್ಪೈರ್ಡ್ ಅಂತ ಗೊತ್ತು ಮೇಡಂ. ಬೇರೆ ಸ್ಕಿಲ್ಲಿಗೆ ಯಾವ ಮೂಡ್? ಅದನ್ನ ತರಿಸೋದು ಹೇಗೆ?
(ಐಟಿಐ ವಿದ್ಯಾರ್ಥಿ, ಹಾಸನ)

ಉತ್ತರ: ಅಡುಗೆ, ಬರವಣಿಗೆ, ಗಿಟಾರ್ ಥರದ ವಾದ್ಯ, ಇವಕ್ಕೂ ಇನ್‌ಸ್ಪೈರ್ಡೇ. ಲಾಜಿಕ್, ಪ್ರೋಗ್ರಾಮಿಂಗ್ ಅಂದ್ರೆ ಫೋಕಸ್ಡ್, ಚೆಸ್ ಟೇಬಲ್ ಮೇಲೆ ಕ್ಲಿಕ್ ಮಾಡಿ 'ಪಾಂಡರ್ ಮೂವ್ಸ್' ಕೊಟ್ರೆ ಬರತ್ತೆ. ಫಿಟ್ನೆಸ್ಸಿಗೆ ಎನರ್ಜೈಸ್ಡ್, ಅದಕ್ಕೆ 'ಬ್ರಿಸ್ಕ್ ಶವರ್'. ಆದ್ರೆ ಟ್ರೆಡ್‌ಮಿಲ್ ಮೇಲೆ ಓಡಿದ ಮೇಲೆ ಹೈಜೀನ್ ಮತ್ತೆ ಕೆಳಗಿಳಿಯತ್ತೆ, ಹಂಗಾಗಿ ಇನ್ನೊಂದು ಸ್ನಾನಕ್ಕೆ ಟೈಮ್ ಇಟ್ಕೊಂಡೇ ಹತ್ತಿಸಿ. ಕರಿಸ್ಮಾ, ಅಂದ್ರೆ ಜನರನ್ನ ಸೆಳೆಯೋ ಸ್ಕಿಲ್ಲಿಗೆ ಕಾನ್ಫಿಡೆಂಟ್, ಕನ್ನಡಿ ಮುಂದೆ ನಿಲ್ಲಿಸಿ ಧೈರ್ಯ ಹೇಳ್ಕೊಳ್ಳೋಕೆ ಬಿಟ್ರೆ ಸಾಕು.

ಇನ್ನು ಚೆಸ್ಸನ್ನ ಒಬ್ಬನೇ ಆಡಿಸಬೇಡಿ, ಪಕ್ಕದ ಮನೆಯವರನ್ನ ಕರೆದು ಆಡಿಸಿ. ಲಾಜಿಕ್ಕೂ ಏರತ್ತೆ, ಫನ್ನೂ ತುಂಬತ್ತೆ, ಸೋಷಿಯಲ್ಲೂ ತುಂಬತ್ತೆ. ನನ್ನ ಪ್ರಕಾರ ಬೇಸ್ ಗೇಮಲ್ಲಿ (ಪ್ಯಾಕ್ ಅನ್ನೋ ಹೆಚ್ಚುವರಿ ಸೇರ್ಪಡೆ ಇಲ್ಲದ ಮೂಲ ಗೇಮ್) ಕೊಟ್ಟ ಟೈಮಿಗೆ ಇಷ್ಟು ವಾಪಸ್ ಕೊಡೋ ವಸ್ತು ಇನ್ನೊಂದಿಲ್ಲ.

ಪ್ರಶ್ನೆ: ಇದಕ್ಕೆಲ್ಲ ದುಡ್ಡು ಕೊಟ್ಟು ಪ್ಯಾಕ್ ತಗೋಬೇಕಾ?
(ಓದುಗರು, ಹುಬ್ಬಳ್ಳಿ)

ಉತ್ತರ: ಬೇಡ. 2014ರಲ್ಲಿ ಬಂದ ಗೇಮ್ ಇದು, 2022ರ ಅಕ್ಟೋಬರ್ 18ರಿಂದ ಬೇಸ್ ಗೇಮ್ ಫ್ರೀ. ಇಲ್ಲಿ ನಾನು ಹೇಳ್ತಿರೋದೆಲ್ಲ ಅದ್ರಲ್ಲೇ ಇದೆ, ಪ್ಯಾಕ್‌ಗಳಿಗೆ ಮಾತ್ರ ದುಡ್ಡು.

ಪ್ರಶ್ನೆ: ನಮಸ್ಕಾರ ಮೇಡಂ. ನಾನೂ ನನ್ನ ಮಗಳೂ ಸೇರಿ ಆಡ್ತೀವಿ. ಗಂಡ, ಹೆಂಡತಿ, ಅಜ್ಜಿ, ಒಂದು ಪುಟ್ಟ ಮಗು ಇರೋ ಮನೆ. ಬೆಳಗ್ಗೆ ಆದ್ರೆ ನಾಲ್ಕು ಜನರದ್ದೂ ಒಟ್ಟಿಗೆ ಕೆಂಪು, ಮಗು ಅಳ್ತಾನೇ ಇರತ್ತೆ, ಗಂಡ ಕೆಲಸಕ್ಕೆ ಉಪವಾಸ ಹೋಗ್ತಾನೆ. ಮಗಳಿಗೆ ಬೇಜಾರಾಗಿ ಗೇಮೇ ಬಿಟ್ಬಿಡ್ತೀನಿ ಅಂತಿದಾಳೆ.
(ಗೃಹಿಣಿ, ಶಿವಮೊಗ್ಗ)

ಉತ್ತರ: ಬಿಡಬೇಡಿ ಅಂತ ಹೇಳಿ ಅವಳಿಗೆ, ಇದು ಸರಿಹೋಗೋ ವಿಷಯ. ನಿಮ್ಮನೇಲಿ ಬಾತ್‌ರೂಮ್ ಒಂದೇ ಇರಬೇಕು, ಅಲ್ವಾ? ಎಲ್ರೂ ಒಂದೇ ಟೈಮಿಗೆ ಮಲಗಿ ಒಂದೇ ಟೈಮಿಗೆ ಎದ್ರೆ ಬಾಗಿಲ ಮುಂದೆ ಕ್ಯೂ ಆಗೇ ಆಗತ್ತೆ. ಇನ್ನೊಂದು ಟಾಯ್ಲೆಟ್ ಕಟ್ಟಿಸಿ, ಮತ್ತೆ ಅಜ್ಜಿನ ಸಂಜೆ ಬೇಗ ಮಲಗಿಸಿ. ಅವರು ನಸುಕಿಗೇ ಎದ್ದು ತಮ್ಮದೆಲ್ಲ ಮುಗಿಸಿ ದೊಡ್ಡ ಸೈಜಲ್ಲಿ ತಿಂಡಿ ಮಾಡಿಟ್ರೆ ಮಿಕ್ಕೋರು ಎದ್ದ ತಕ್ಷಣ ತಟ್ಟೆ ತಗೊಂಡು ಕೂತ್ಕೋಬಹುದು, ಅಜ್ಜಿಗೂ ಕುಕಿಂಗ್ ಸ್ಕಿಲ್ ಏರತ್ತೆ. ಎಲ್ರೂ ಒಂದೇ ಟೇಬಲ್ಲಿಗೆ ಕೂತು ಮಾತಾಡ್ತಾ ತಿಂದ್ರೆ ಸೋಷಿಯಲ್ ಬಾರೂ ಅಲ್ಲೇ ತುಂಬತ್ತೆ. ಕುಕಿಂಗ್ ಲೆವೆಲ್ ಕಮ್ಮಿ ಇದ್ದಾಗ ಒಲೆಗೆ ಬೆಂಕಿ ಹತ್ತೋ ಭಯ ಇದೆ, ಅದಕ್ಕೆ ಮೊದಲ ದಿನಗಳಲ್ಲಿ ಸ್ಯಾಲಡ್ ಮಾಡಿಸಿ, ಒಲೆ ಹತ್ತಿಸೋದೇ ಬೇಡ. ಟಿವಿಯಲ್ಲಿ ಕುಕಿಂಗ್ ಚಾನೆಲ್ ಹಾಕಿದ್ರೂ ಸ್ವಲ್ಪ ಕಲೀತಾರೆ.

ಮಗು ವಿಷಯ ಸ್ವಲ್ಪ ಬೇರೆ. ಅದಕ್ಕೆ ಸೋಷಿಯಲ್ ಬದಲು ಅಟೆನ್ಷನ್ ಅನ್ನೋ ಬಾರ್ ಇರತ್ತೆ, ದೊಡ್ಡೋರು ಯಾರಾದ್ರೂ ಹತ್ರ ಬಂದು ಮಾತಾಡಿಸಲೇಬೇಕು. ಬರೀ ಎತ್ಕೊಂಡು ಮುದ್ದು ಮಾಡೋದ್ರ ಬದಲು ಮಾತು ಕಲಿಸಿ, ಇಲ್ಲ ಫ್ಲ್ಯಾಶ್ ಕಾರ್ಡ್ ತೋರಿಸಿ, ಅಟೆನ್ಷನ್ನೂ ಆಯ್ತು ಕಲಿಕೆನೂ ಆಯ್ತು. ಪಾಟಿ ಸ್ಕಿಲ್ (ಟಾಯ್ಲೆಟ್ ಅಭ್ಯಾಸ) ಮಾತ್ರ ಎಲ್ಲಕ್ಕಿಂತ ಮೊದ್ಲು ಮುಗಿಸಿ ಅಂತ ನನ್ನ ಬೇಡಿಕೆ, ಮೂರೇ ಲೆವೆಲ್ ಇರೋದು, ಅದಾದ ಮೇಲೆ ಮಗು ತಾನೇ ಹೋಗಿ ಬರತ್ತೆ, ನಿಮ್ಮ ಅರ್ಧ ಭಾರ ಇಳಿಯತ್ತೆ. ಮಾತು, ಓಡಾಟ, ಕಲ್ಪನೆ, ಯೋಚನೆ ಈ ನಾಲ್ಕೂ ಐದನೇ ಲೆವೆಲ್ ಮುಟ್ಟಿ ಪಾಟಿ ಮೂರಾದ್ರೆ 'ಟಾಪ್-ನಾಚ್ ಟಾಡ್ಲರ್' ಅನ್ನೋ ಗುಣ ಸಿಗತ್ತೆ, ದೊಡ್ಡೋರಾದ ಮೇಲೆ ಸ್ಕಿಲ್ ಬೇಗ ಕಲಿಯೋಕೆ ಅದು ಸಹಾಯ ಮಾಡತ್ತೆ. ಅದೇ ಬೇಕು ಅಂತ ಮಗೂನ ನಿದ್ದೆಗೆಡಿಸಬೇಡಿ. ನಾಲ್ಕೂ ಮೂರನೇ ಲೆವೆಲ್ಲಿಗೆ ಬಂದ್ರೂ 'ಹ್ಯಾಪಿ ಟಾಡ್ಲರ್' ಸಿಗತ್ತೆ, ಅದೂ ಚೆನ್ನಾಗೇ ಇದೆ. ಹಸಿದ ಮಗೂನ ಹಂಗೇ ಬಿಟ್ರೆ ಮಾತ್ರ ಗೇಮಲ್ಲಿ ಸೋಷಿಯಲ್ ವರ್ಕರ್ ಬಂದು ಕರ್ಕೊಂಡು ಹೋಗ್ತಾರೆ, ಅದನ್ನ ಮಗಳು ನೋಡೋದು ಬೇಡ.

ಪ್ರಶ್ನೆ: ಚೀಟ್ ಹಾಕಿ ಬಾರ್ ಎಲ್ಲಾ ಫುಲ್ ಮಾಡಿದ್ರೆ ತಪ್ಪಾ ಅಕ್ಕ? ಫ್ರೆಂಡ್ಸ್ ಅದು ಆಟಾನೇ ಅಲ್ಲ ಅಂತಾರೆ.
(ಹತ್ತನೇ ಕ್ಲಾಸ್, ತುಮಕೂರು)

ಉತ್ತರ: ತಪ್ಪೇನಿಲ್ಲ ಪುಟ್ಟಾ, ಮನೆ ಕಟ್ಟೋದೇ ಇಷ್ಟ ಇರೋರಿಗೆ, ಕಥೆ ಮಾಡೋರಿಗೆ ಅದು ಬೇಕೇ ಬೇಕು. ಕಂಪ್ಯೂಟರಲ್ಲಿ ಕಂಟ್ರೋಲ್, ಶಿಫ್ಟ್, ಸಿ ಮೂರೂ ಒಟ್ಟಿಗೆ ಒತ್ತಿದ್ರೆ ಮೇಲೊಂದು ಪೆಟ್ಟಿಗೆ ಬರತ್ತೆ, 'ಟೆಸ್ಟಿಂಗ್‌ಚೀಟ್ಸ್ ಟ್ರೂ' ಅಂತ ಇಂಗ್ಲಿಷಲ್ಲಿ ಟೈಪ್ ಮಾಡಿ ಎಂಟರ್ ಹೊಡಿ. ಆಮೇಲೆ ಶಿಫ್ಟ್ ಹಿಡಿದು ಪೋಸ್ಟ್ ಬಾಕ್ಸ್ ಮೇಲೆ ಕ್ಲಿಕ್ ಮಾಡಿದ್ರೆ ಮನೆಯವರ ಬಾರ್ ತುಂಬಿಸೋ ಆಯ್ಕೆ ಅಲ್ಲೇ ಇರತ್ತೆ. ಆದ್ರೆ ನಿಂಗೆ ಸ್ಕಿಲ್ ಬೆಳೆಸೋದ್ರಲ್ಲಿ ಖುಷಿ ಇದೆ ಅಂತಾದ್ರೆ ಒಂದು ಮನೆನಾದ್ರೂ ಚೀಟ್ ಇಲ್ಲದೇ ಇಟ್ಕೋ. ಸುಮಿ ಪೇಂಟಿಂಗ್ 10 ಮುಟ್ಟಿದ ದಿನ ನಾನು ಗೇಮ್ ಸ್ವಲ್ಪ ಹೊತ್ತು ನಿಲ್ಲಿಸಿ ಅವಳು ಮೊದ್ಲು ಬರೆದ ಆ ಸೊಟ್ಟ ಚಿತ್ರಾನ ಮಾರದೇ ಇಟ್ಕೊಂಡಿದ್ದನ್ನ ತೆಗೆದು ಅವಳ ಮಂಚದ ಮೇಲಿನ ಗೋಡೆಗೆ ಹಾಕ್ದೆ, ಈಗ್ಲೂ ಅಲ್ಲೇ ಇದೆ.